ಗ್ರಾಚ್ಯುಟಿ ಆದೇಶದ ವಿರುದ್ಧ ಮೇಲ್ಮನವಿ: ಮೊದಲು ಲೆಕ್ಕ, ಅನಂತರ ವ್ಯಾಜ್ಯ

ಇಪ್ಪತ್ತು ವರ್ಷ ದುಡಿದ ಕಾರ್ಮಿಕನೊಬ್ಬ ನಿವೃತ್ತನಾಗುತ್ತಾನೆ. ಗ್ರಾಚ್ಯುಟಿಯ ಲೆಕ್ಕದಲ್ಲಿ ಭಿನ್ನಾಭಿಪ್ರಾಯ ತಲೆದೋರಿ ವಿಷಯ ಕಾರ್ಮಿಕ ಇಲಾಖೆಯ ಮೆಟ್ಟಿಲೇರುತ್ತದೆ. ವಿಚಾರಣೆ ಮುಗಿದು ಮಾಲೀಕರ ವಿರುದ್ಧ ಆದೇಶವಾಗುತ್ತದೆ. ಆಗ ಸಣ್ಣ ಉದ್ದಿಮೆದಾರರು ಆಡುವ ಮೊದಲ ಮಾತು, "ಮೇಲ್ಮನವಿ ಹಾಕೋಣ" ಎಂಬುದೇ. ಮೇಲ್ಮನವಿ ಕಾನೂನು ನೀಡಿದ ಹಕ್ಕು, ನಿಜ. ಆದರೆ ಆ ಹಕ್ಕಿಗೆ ಕಾಲದ ಮಿತಿಯೂ ಹಣದ ಷರತ್ತೂ ಇವೆ. ಅವೆರಡನ್ನೂ ಅರಿಯದವರು ತಮ್ಮ ವಾದ ಸರಿಯಿದ್ದರೂ ಸೋಲುತ್ತಾರೆ.

ಗ್ರಾಚ್ಯುಟಿಯನ್ನು ದೀರ್ಘಕಾಲ ನಿಯಂತ್ರಿಸಿದ್ದು 1972ರ ಉಪದಾನ ಸಂದಾಯ ಕಾಯಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನ ಪಡೆದಿದೆ. ಮೇಲ್ಮನವಿಯ ಚೌಕಟ್ಟು ಮಾತ್ರ ಬಹುಮಟ್ಟಿಗೆ ಹಿಂದಿನಂತೆಯೇ ಉಳಿದಿದೆ. ಕರ್ನಾಟಕದಲ್ಲಿ ಹಳೆಯ ಕಾಯಿದೆಯಡಿ ಸಹಾಯಕ ಕಾರ್ಮಿಕ ಆಯುಕ್ತರು ಮೊದಲ ವಿಚಾರಣೆ ನಡೆಸುತ್ತಿದ್ದರು. ಮೇಲ್ಮನವಿಯನ್ನು ಉಪ ಕಾರ್ಮಿಕ ಆಯುಕ್ತರು ಆಲಿಸುತ್ತಿದ್ದರು.

ಆದೇಶ ಕೈಸೇರಿದ ದಿನದಿಂದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದಲ್ಲಿ ಪ್ರಾಧಿಕಾರವು ಇನ್ನೂ 60 ದಿನಗಳ ಅವಕಾಶ ನೀಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಆದೇಶ ತಲುಪಿದ ದಿನಾಂಕವನ್ನು ಲಕೋಟೆಯ ಸಮೇತ ಕಾದಿರಿಸುವುದು ಮೊದಲ ಕರ್ತವ್ಯ.

ಎರಡನೆಯದು ಠೇವಣಿ. ಆದೇಶದಂತೆ ಕಟ್ಟಬೇಕಾದ ಗ್ರಾಚ್ಯುಟಿ ಮೊತ್ತವನ್ನು ಠೇವಣಿಯಿಟ್ಟ ಬಗ್ಗೆ ಪ್ರಮಾಣಪತ್ರ ಹಾಜರುಪಡಿಸಬೇಕು, ಇಲ್ಲವೇ ಮೇಲ್ಮನವಿ ಪ್ರಾಧಿಕಾರದಲ್ಲಿಯೇ ಹಣ ಕಟ್ಟಬೇಕು. ಇಲ್ಲದಿದ್ದರೆ ಮಾಲೀಕರ ಮೇಲ್ಮನವಿ ದಾಖಲೇ ಆಗುವುದಿಲ್ಲ. ಕಾರ್ಮಿಕನ ಮೇಲ್ಮನವಿಗೆ ಈ ಷರತ್ತಿಲ್ಲ. ದುಡಿಯುವ ಬಂಡವಾಳಕ್ಕೇ ಪರದಾಡುವ ಘಟಕಕ್ಕೆ ಇದು ಸಣ್ಣ ಮಾತಲ್ಲ.

ಒಂದು ಲೆಕ್ಕವನ್ನು ನೋಡೋಣ. ಕೊನೆಯ ಮಾಸಿಕ ವೇತನ 13,000 ರೂಪಾಯಿ, ಸೇವೆ 20 ವರ್ಷ. ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷವೊಂದಕ್ಕೆ 7,500 ರೂಪಾಯಿ. ಒಟ್ಟು 1,50,000 ರೂಪಾಯಿ. 30ರಿಂದ ಭಾಗಿಸಿದರೆ 1,30,000 ರೂಪಾಯಿ ಆಗುತ್ತದೆ. ಈ 20,000 ರೂಪಾಯಿಯ ವ್ಯತ್ಯಾಸಕ್ಕಾಗಿ ಮೇಲ್ಮನವಿ ಹೂಡುವುದು ವ್ಯರ್ಥ. ಏಕೆಂದರೆ ತಿಂಗಳಿಗೆ 26 ದಿನವೆಂದೇ ಲೆಕ್ಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ ಜೀವನ್‌ಲಾಲ್ ಪ್ರಕರಣದಲ್ಲಿ 1984ರಲ್ಲಿಯೇ ಇತ್ಯರ್ಥಪಡಿಸಿದೆ.

ಹಾಗೆಯೇ "ಭವಿಷ್ಯನಿಧಿ ಕಟ್ಟಿದ್ದೇವೆ", "ಈಗ ನಮ್ಮಲ್ಲಿ ಹತ್ತು ಜನರಿಲ್ಲ", "ಆತ ತಾನಾಗಿ ರಾಜೀನಾಮೆ ಕೊಟ್ಟ" ಎಂಬ ವಾದಗಳೂ ನಿಲ್ಲುವುದಿಲ್ಲ. ಭವಿಷ್ಯನಿಧಿ ಬೇರೆ, ಗ್ರಾಚ್ಯುಟಿ ಬೇರೆ. ಒಮ್ಮೆ ಅನ್ವಯಿಸಿದ ಕಾನೂನು ಕಾರ್ಮಿಕರ ಸಂಖ್ಯೆ ಇಳಿದರೂ ಅನ್ವಯಿಸುತ್ತಲೇ ಇರುತ್ತದೆ. ಅಗತ್ಯ ಸೇವಾವಧಿ ಪೂರೈಸಿದ್ದರೆ ರಾಜೀನಾಮೆ ಕೊಟ್ಟವರಿಗೂ ಗ್ರಾಚ್ಯುಟಿ ಸಲ್ಲುತ್ತದೆ.

ಹಾಗಾದರೆ ಯಾವ ಆಧಾರ ನಿಲ್ಲಬಲ್ಲದು? ಸೇವಾವಧಿಯನ್ನು ತಪ್ಪಾಗಿ ಎಣಿಸಿದ್ದರೆ, ವೇತನದ ಮೊತ್ತ ತಪ್ಪಿದ್ದರೆ, ನೋಟಿಸು ತಲುಪದೆಯೇ ಆದೇಶವಾಗಿದ್ದರೆ, ಆತ ನಮ್ಮ ನೌಕರನೇ ಅಲ್ಲವೆಂಬುದಕ್ಕೆ ದಾಖಲೆಯಿದ್ದರೆ ಮೇಲ್ಮನವಿಗೆ ಅರ್ಥವಿದೆ. ಇವೆಲ್ಲಕ್ಕೂ ಹಾಜರಿ ಪುಸ್ತಕ, ವೇತನ ವಹಿ, ನೇಮಕಾತಿ ಪತ್ರಗಳೇ ಸಾಕ್ಷಿ. ಇವನ್ನು ಮೊದಲ ವಿಚಾರಣೆಯಲ್ಲಿಯೇ ಹಾಜರುಪಡಿಸಬೇಕು. ಮೇಲ್ಮನವಿಯಲ್ಲಿಯೂ ಸೋತರೆ ಉಳಿಯುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಮಾತ್ರ. ಅಲ್ಲಿ ಸಾಕ್ಷ್ಯದ ಮರುವಿಚಾರಣೆಯನ್ನು ಸಾಮಾನ್ಯವಾಗಿ ನಿರೀಕ್ಷಿಸುವಂತಿಲ್ಲ.

ವಿಳಂಬಕ್ಕೆ ತೆರಬೇಕಾದ ಬೆಲೆಯನ್ನೂ ಮರೆಯಬಾರದು. ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದ 30 ದಿನಗಳೊಳಗೆ ಅದನ್ನು ಪಾವತಿಸಬೇಕು. ತಪ್ಪಿದರೆ ಬಡ್ಡಿ. ಹಳೆಯ ಕಾಯಿದೆಯಡಿ 1987ರಲ್ಲಿ ನಿಗದಿಯಾದ ದರ ವಾರ್ಷಿಕ ಶೇ. 10 ಸರಳ ಬಡ್ಡಿ. ಆ ದರದಲ್ಲಿ ಮೇಲಿನ 1,50,000 ರೂಪಾಯಿಗೆ ಮೂರು ವರ್ಷಕ್ಕೆ 45,000 ರೂಪಾಯಿ ಸೇರುತ್ತದೆ. ಕರ್ನಾಟಕ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ನಿನ ನೌಕರರೊಬ್ಬರಿಗೆ ಹೈಕೋರ್ಟು ಬಡ್ಡಿಯನ್ನು ನೀಡಿರಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. ವಿಳಂಬಕ್ಕೆ ನೌಕರನ ತಪ್ಪೇ ಕಾರಣವಾಗಿದ್ದು, ಅದಕ್ಕೆ ಪ್ರಾಧಿಕಾರದ ಲಿಖಿತ ಅನುಮತಿಯನ್ನೂ ಪಡೆದಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ಉಳಿದಂತೆ ಬಡ್ಡಿ ಕಡ್ಡಾಯ ಎಂದು ಆ ನ್ಯಾಯಾಲಯ 2003ರಲ್ಲಿ ತೀರ್ಪಿತ್ತು ಶೇ. 10ರ ಬಡ್ಡಿ ಕೊಡಿಸಿತು. ಮೇಲ್ಮನವಿಯ ಬಾಗಿಲು ಇಬ್ಬರಿಗೂ ತೆರೆದಿದೆ ಎಂಬುದನ್ನು ಈ ಪ್ರಕರಣ ನೆನಪಿಸುತ್ತದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಸಲಹೆ ಇಷ್ಟೇ. ವಿವಾದ ಆರಂಭವಾದೊಡನೆ ನೀವು ಒಪ್ಪುವ ಮೊತ್ತವನ್ನು ಪ್ರಾಧಿಕಾರದಲ್ಲಿ ಠೇವಣಿಯಿಡಿ, ಉಳಿದುದಕ್ಕಷ್ಟೇ ವಾದಿಸಿ. 2025ರ ನವೆಂಬರ್ 21ಕ್ಕೆ ಮುಂಚೆ ನಿವೃತ್ತರಾದವರ ಪ್ರಕರಣವಾದರೆ ಯಾವ ಕಾನೂನಿನಡಿ ಮುಂದುವರಿಯಬೇಕೆಂದು ವಕೀಲರಿಂದ ಖಚಿತಪಡಿಸಿಕೊಳ್ಳಿ. ಹೊಸ ಸಂಹಿತೆಯಲ್ಲಿ ವೇತನದ ವ್ಯಾಖ್ಯೆ ಬದಲಾಗಿದೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಮೇಲ್ಮನವಿ ಹೂಡುವ ಮುನ್ನ ಅದನ್ನೂ ಲೆಕ್ಕ ಹಾಕಿ. ಗೆದ್ದರೆ ಉಳಿಯುವುದೆಷ್ಟು, ಸೋತರೆ ಕೊಡಬೇಕಾದುದೆಷ್ಟು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ನೋಡಿದರೆ, ಎಷ್ಟೋ ವ್ಯಾಜ್ಯಗಳು ಅಂಗಡಿಯ ಮೇಜಿನ ಮೇಲೆಯೇ ತೀರ್ಮಾನವಾದಾವು.