ಮುಯ್ಯಿ ಪುಸ್ತಕಕ್ಕೆ ಸಿಗದ ನೆರವು

2017ರ ಮೇ 5ರಂದು ಶ್ರೀಹರಿಕೋಟದಿಂದ ಜಿಸ್ಯಾಟ್-9 ಮೇಲೇರಿತು. ದಕ್ಷಿಣ ಏಷ್ಯಾದ ನೆರೆಯವರಿಗೆಂದು ಇಸ್ರೊ ಕಟ್ಟಿದ ಸಂಪರ್ಕ ಉಪಗ್ರಹ ಅದು. ತಯಾರಿಕೆಗೇ ಸುಮಾರು 235 ಕೋಟಿ ರೂಪಾಯಿ, ಎಲ್ಲವೂ ನಮ್ಮ ಬೊಕ್ಕಸದ್ದು. ಪಾಕಿಸ್ತಾನ ತನಗೆ ಬೇಡವೆಂದಿತು. ಜಮಾ-ಖರ್ಚು ನೋಡುತ್ತಲೇ ನೌಕರಿ ಮುಗಿಸಿದ ನನ್ನ ತಲೆಯಲ್ಲಿ ಎದ್ದ ಪ್ರಶ್ನೆ ಬೇರೆ: ಇದನ್ನು ಬಾಹ್ಯಾಕಾಶದ ಖರ್ಚೆಂದು ಬರೆಯಬೇಕೋ, ವಿದೇಶಕ್ಕೆ ಕೊಟ್ಟ ನೆರವೆಂದೋ? ನೇಪಾಳ ತನ್ನ ಪುಸ್ತಕದಲ್ಲಿ ಎಷ್ಟು ಜಮಾ ಹಿಡಿಯಬೇಕು?

ಶ್ರೀಮಂತ ದೇಶಗಳು ಈ ಕೆಲಸವನ್ನು ಎಂದೋ ಮುಗಿಸಿವೆ. ಅವುಗಳ ಕೂಟವಾದ ಒಇಸಿಡಿ 1969ರಲ್ಲೇ ಯಾವುದು ಅಭಿವೃದ್ಧಿ ನೆರವು, ಯಾವುದಲ್ಲ ಎಂದು ಗೆರೆ ಎಳೆಯಿತು, ಲೆಕ್ಕ ಡಾಲರಿನಲ್ಲಿ. ಅಭಿವೃದ್ಧಿಶೀಲ ದೇಶಗಳು ತಮ್ಮತಮ್ಮೊಳಗೆ ಕೊಟ್ಟು-ತೆಗೆದುಕೊಳ್ಳುವುದು ಹಾಗೆ ಡಾಲರಿಗೆ ಇಳಿಯುವುದಿಲ್ಲ. ಮದುವೆಮನೆಯ ಮುಯ್ಯಿ ಪುಸ್ತಕದಲ್ಲಿ ಐನೂರು ಕೊಟ್ಟವರ ಹೆಸರಿರುತ್ತದೆ, ಹಿಂದಿನ ರಾತ್ರಿ ಕೂತು ತರಕಾರಿ ಹೆಚ್ಚಿದವರದು ಇರುವುದಿಲ್ಲವಲ್ಲ!

ನಮ್ಮ ನೆರವಿನಲ್ಲಿ ತರಕಾರಿ ಹೆಚ್ಚಿದ್ದೇ ಬಹಳ. ಬೇರೆ ದೇಶಗಳಿಗೆ ತಾಂತ್ರಿಕ ನೆರವು ಕೊಡಲೆಂದು ಭಾರತ 1964ರಲ್ಲಿ ಶುರುಮಾಡಿದ ಐಟೆಕ್ ಯೋಜನೆಯ ಮುಖ್ಯ ಕೆಲಸ ತರಬೇತಿ. 2019ರಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ 17 ದೇಶಗಳ 30 ಜನ ಪುಟ್ಟ ಉಪಗ್ರಹ ಜೋಡಿಸುವುದನ್ನು ಕಲಿತರು. ಊಟ, ವಸತಿ, ವಿಮಾನದ ಟಿಕೆಟ್ಟಿಗೆ ಬಿಲ್ಲು ಸಿಗುತ್ತದೆ. ಕಲಿಸಿದ ವಿಜ್ಞಾನಿಯ ದಿನಕ್ಕೆ ಏನು ಬೆಲೆ ಹಾಕೋಣ? ಅವರ ಭಾರತೀಯ ಸಂಬಳವನ್ನೇ ಹಿಡಿದರೆ, ಅದೇ ಪಾಠ ಹೇಳುವ ಯುರೋಪಿನ ತಜ್ಞರ ಮುಂದೆ ನಮ್ಮ ನೆರವು ಚಿಲ್ಲರೆಯಾಗಿ ಕಾಣುತ್ತದೆ. ಕ್ಯೂಬಾದ ಪಾಡು ಇನ್ನೂ ಕಷ್ಟ. 2014ರಲ್ಲಿ ಎಬೋಲಾ ಹಬ್ಬಿದಾಗ ಸಿಯೆರಾ ಲಿಯೋನ್‌ಗೆ ಅದು ಮೊದಲ ತಂಡದಲ್ಲೇ 165 ವೈದ್ಯರು, ದಾದಿಯರನ್ನು ಕಳಿಸಿತು. ಕ್ಯೂಬಾದಲ್ಲಿ ವೈದ್ಯರ ಸಂಬಳ ತೀರಾ ಕಡಿಮೆ. ಆ ಲೆಕ್ಕದಲ್ಲಿ ಅಳೆದರೆ ಜೀವ ಒತ್ತೆಯಿಟ್ಟ ಕೆಲಸವೂ ಅಗ್ಗ.

2022ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಅಭಿವೃದ್ಧಿಶೀಲ ದೇಶಗಳ ಈ ಕೊಡು-ಕೊಳ್ಳುವಿಕೆಯನ್ನು ಅಳೆಯಲು ಒಂದು ಚೌಕಟ್ಟು ಒಪ್ಪಿತು. ನೇರ ಹಣ ಒಂದು ಗುಂಪು. ಹಣಕ್ಕೆ ಪರಿವರ್ತಿಸಬಹುದಾದ ಸೇವೆ-ಸರಕು ಇನ್ನೊಂದು. ಬೆಲೆ ಕಟ್ಟದೆ, ಎಷ್ಟು ಜನ, ಎಷ್ಟು ತಾಸು ಎಂದಷ್ಟೇ ಎಣಿಸುವುದು ಮೂರನೆಯದು. ಆ ಮೂರನೆಯದನ್ನು ಸೇರಿಸಿದ್ದೇ ದೊಡ್ಡ ಕೆಲಸ ಎನ್ನುತ್ತೇನೆ. ಆದರೆ ವರದಿ ಕೊಡುವುದು ಬಿಡುವುದು ಆಯಾ ದೇಶದ ಇಷ್ಟ. ಲ್ಯಾಟಿನ್ ಅಮೆರಿಕದವರು ಯಾರಿಗೂ ಕಾಯದೆ 2007ರಿಂದಲೇ ಸ್ಪೇನ್, ಪೋರ್ಚುಗಲ್ ಜೊತೆ ಸೇರಿ ಇಂಥ ವರದಿ ತರುತ್ತಿದ್ದಾರೆ.

ಲೆಕ್ಕ ಬೇಡವೆನ್ನುವವರ ವಾದವೂ ಗೊತ್ತು: ಗೆಳೆತನವನ್ನು ತಕ್ಕಡಿಗೆ ಹಾಕಬಾರದಂತೆ. ನನಗೆ ಒಪ್ಪಿಗೆಯಿಲ್ಲ. ಎಕ್ಸಿಮ್ ಬ್ಯಾಂಕ್ ಮೂಲಕ ಭಾರತ ಕೊಡುವ ಸಾಲದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಸರಕು, ಸೇವೆಯನ್ನು ಇಲ್ಲಿಂದಲೇ ಕೊಳ್ಳಬೇಕೆಂಬ ಷರತ್ತಿರುತ್ತದೆ. ತಪ್ಪೇನಲ್ಲ, ಆದರೆ ಅದು ದಾನವೂ ಅಲ್ಲ. ಘೋಷಿಸಿದ ಸಾಲ, ನಿಜವಾಗಿ ಹೋದ ಹಣ, ಉಚಿತವಾಗಿ ಕೊಟ್ಟದ್ದು, ಕಲಿಸಿದ ದಿನಗಳು — ಇವನ್ನು ಬೇರೆಬೇರೆ ಅಂಕಣದಲ್ಲಿ ಬರೆದು, ಪಡೆದ ದೇಶದ ಸಹಿಯನ್ನೂ ಕೆಳಗೆ ಹಾಕಿಸಿ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಹಾಗೆಂದು ಕೇಳುವ ಹಕ್ಕು ತೆರಿಗೆ ಕಟ್ಟುವ ನಮಗೂ ಇದೆ, ಸಾಲ ತೀರಿಸಬೇಕಾದ ಅಲ್ಲಿನ ಜನಕ್ಕೂ ಇದೆ.