ಇಪ್ಪತ್ತು ಹುಟ್ಟು, ಒಂದೇ ತಾಳ

ಶಾಲಾ ಕ್ರೀಡಾಕೂಟವೆಂದೊಡನೆ ನೆನಪಿಗೆ ಬರುವುದು ಓಟ, ಜಿಗಿತ, ಕಬಡ್ಡಿ, ವಾಲಿಬಾಲ್. ಪಡುವಣದಲ್ಲಿ ಕಡಲು, ನಡುವೆ ಹೊಳೆಗಳು, ಮೂಡಣದಲ್ಲಿ ಕೆರೆಗಳು. ಹೀಗೆ ನೀರಿನ ಮಡಿಲಲ್ಲೇ ಬೆಳೆಯುವ ಉಡುಪಿ ಜಿಲ್ಲೆಯ ಮಕ್ಕಳಿಗೂ ಆಟವೆಂದರೆ ಬಹುಮಟ್ಟಿಗೆ ನೆಲದ ಮೇಲಿನದ್ದೇ. ‘ನೀರಿನ ಹತ್ತಿರ ಹೋಗಬೇಡ’ ಎಂಬುದು ಮನೆಮನೆಯ ಹಿರಿಯರ ಮಾತು. ಆ ಭಯಕ್ಕೆ ಕಾರಣವಿಲ್ಲದಿಲ್ಲ. 2022ರ ಏಪ್ರಿಲ್‌ನಲ್ಲಿ ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪಕ್ಕೆ ಪ್ರವಾಸ ಬಂದಿದ್ದ ಕೇರಳದ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂವರು ಕಡಲಿನ ಪಾಲಾದರು. ಆದರೆ ದೂರ ಇಟ್ಟ ಮಾತ್ರಕ್ಕೆ ಮಕ್ಕಳು ನೀರಿನಿಂದ ಸುರಕ್ಷಿತರಾಗುವುದಿಲ್ಲ. ನೀರನ್ನು ಬಲ್ಲ ಮಗುವಿಗಷ್ಟೇ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿರುತ್ತದೆ.

ಶಿಸ್ತಿನಿಂದ ನೀರಿನ ಪರಿಚಯ ಮಾಡಿಸುವ, ಅದರೊಡನೆ ಹತ್ತು ಜನರ ಜೊತೆ ಹೊಂದಿಕೊಂಡು ದುಡಿಯುವುದನ್ನೂ ಕಲಿಸುವ ಆಟವೊಂದಿದೆ. ಅದೇ ಡ್ರ್ಯಾಗನ್ ದೋಣಿ ಸ್ಪರ್ಧೆ.

ಕವಿಯನ್ನು ಹುಡುಕಿದ ದೋಣಿಗಳು

ಈ ಆಟದ ತವರು ಚೀನಾ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಚ್ಯು ಯುವಾನ್ ಎಂಬ ಕವಿ, ತನ್ನ ನಾಡು ಶತ್ರುಗಳ ಪಾಲಾದ ದುಃಖದಲ್ಲಿ ಮಿಲುವೊ ನದಿಗೆ ಹಾರಿದನಂತೆ. ದಡದ ಜನ ದೋಣಿ ಏರಿ, ನಗಾರಿ ಬಾರಿಸುತ್ತ, ಹುಟ್ಟಿನಿಂದ ನೀರು ಬಡಿಯುತ್ತ ಅವನನ್ನು ಹುಡುಕಿದರೆಂಬುದು ಐತಿಹ್ಯ. ಅಲ್ಲಿನ ಚಾಂದ್ರಮಾನದ 5ನೇ ತಿಂಗಳ 5ನೇ ದಿನ ನಡೆಯುವ ಹಬ್ಬದಲ್ಲಿ ಇಂದಿಗೂ ದೋಣಿಗಳು ಓಡುತ್ತವೆ. ಈ ಹಬ್ಬವನ್ನು ಯುನೆಸ್ಕೊ 2009ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 1976ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ನಡೆದ ಬಳಿಕ ಆಟ ಜಗತ್ತಿಗೆಲ್ಲ ಹಬ್ಬಿತು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾಯಿತು.

ದೊಡ್ಡ ದೋಣಿಯ ಉದ್ದ ಸುಮಾರು 12 ಮೀಟರ್. ಜೋಡಿ ಜೋಡಿಯಾಗಿ ಕುಳಿತು ಹುಟ್ಟು ಹಾಕುವವರು 20 ಮಂದಿ. ಮುಂದೆ ನಗಾರಿ ಬಾರಿಸುವವನೊಬ್ಬ, ಹಿಂದೆ ದಿಕ್ಕು ನೋಡಿಕೊಳ್ಳುವವನೊಬ್ಬ. ಹತ್ತು ಜನ ಹುಟ್ಟು ಹಾಕುವ ಚಿಕ್ಕ ದೋಣಿಗಳೂ ಇವೆ.

ಬಲಕ್ಕಿಂತ ಹೊಂದಿಕೆ

ಇಲ್ಲಿ ಗೆಲ್ಲಿಸುವುದು ತೋಳಿನ ಬಲ ಒಂದೇ ಅಲ್ಲ. ಮೊದಲ ಸಾಲಿನ ಜೋಡಿ ಲಯ ಹಿಡಿಯುತ್ತದೆ, ಉಳಿದವರು ಅದನ್ನು ನೋಡಿ ಅನುಸರಿಸಬೇಕು. ಭಾರದ, ಬಲಶಾಲಿಗಳಾದ ಆಳುಗಳು ಸಾಮಾನ್ಯವಾಗಿ ದೋಣಿಯ ನಡುವೆ ಕೂರುತ್ತಾರೆ. ಎಲ್ಲ ಹುಟ್ಟುಗಳೂ ಒಂದೇ ಕ್ಷಣ ನೀರಿಗಿಳಿದು ಒಂದೇ ಕ್ಷಣ ಮೇಲೆದ್ದರೆ ದೋಣಿ ಚಿಮ್ಮುತ್ತದೆ. ‘ನನಗೆ ಶಕ್ತಿ ಹೆಚ್ಚು’ ಎಂದು ಒಬ್ಬ ಅರೆಕ್ಷಣ ಮೊದಲೇ ಹುಟ್ಟು ಹಾಕಿದರೆ ಅದು ಮುಂದಿನವನ ಹುಟ್ಟಿಗೆ ಬಡಿಯುತ್ತದೆ, ಲಯ ತಪ್ಪುತ್ತದೆ, ದೋಣಿ ತೂಗಾಡುತ್ತದೆ. ಎಲ್ಲರಿಗಿಂತ ಮುಂದೆ ಹೋಗು ಎಂದು ದಿನವೂ ಕೇಳಿಸಿಕೊಳ್ಳುವ ವಿದ್ಯಾರ್ಥಿಗೆ ಇದು ಹೊಸ ಪಾಠವಲ್ಲವೇ? ಇಲ್ಲಿ ಒಬ್ಬನೇ ಮುಂದೆ ಹೋಗಲು ಸಾಧ್ಯವೇ ಇಲ್ಲ.

2018ರ ಇಂಡೊನೇಷ್ಯಾ ಏಷ್ಯನ್ ಕ್ರೀಡಾಕೂಟದಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾದ ಮಹಿಳೆಯರು ಒಂದೇ ದೋಣಿಯಲ್ಲಿ ಕುಳಿತರು. ಪರಸ್ಪರ ಹಗೆ ಸಾಧಿಸಿದ ಎರಡು ದೇಶಗಳ ಈ ಆಟಗಾರ್ತಿಯರಿಗೆ ಒಟ್ಟಿಗೆ ಅಭ್ಯಾಸ ಮಾಡಲು ಸಿಕ್ಕಿದ್ದು ಕೆಲವೇ ವಾರ. ಆದರೂ 500 ಮೀಟರ್ ಸ್ಪರ್ಧೆಯ ಚಿನ್ನ ಅವರದಾಯಿತು.

ಇಂಥ ಹೊಂದಿಕೆ ದೇಹದ ಮೇಲೂ ಪರಿಣಾಮ ಬೀರುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ದೋಣಿ ಆಟಗಾರರನ್ನು ಪರೀಕ್ಷಿಸಿದ ಸಂಶೋಧಕರು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುತೂಹಲದ ಸಂಗತಿಯೊಂದನ್ನು ದಾಖಲಿಸಿದ್ದಾರೆ. ಒಬ್ಬಂಟಿಯಾಗಿ ಮಾಡಿದ ವ್ಯಾಯಾಮಕ್ಕಿಂತ, ಅಷ್ಟೇ ವ್ಯಾಯಾಮವನ್ನು ಗುಂಪಿನಲ್ಲಿ ಒಂದೇ ಲಯದಲ್ಲಿ ಮಾಡಿದಾಗ ನೋವು ತಾಳುವ ಶಕ್ತಿ ಹೆಚ್ಚಿತ್ತು.

ಕರಾವಳಿಗೆ ಹೊಸತಲ್ಲ

ಆಟದ ಹೆಸರು ಹೊಸದಾದರೂ ಅದರ ಗುಟ್ಟು ಕರಾವಳಿಗೆ ಹಳೆಯದು. ಕಾಪು, ಮಲ್ಪೆಯ ಮರಳ ದಂಡೆಯಲ್ಲಿ ಒಂದು ಕಾಲಕ್ಕೆ ರಂಪಣಿ ಮೀನುಗಾರಿಕೆಯೇ ಜೀವನಾಧಾರ. ದೊಡ್ಡ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ, ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ದಡದಿಂದ ಎರಡು ಗುಂಪು ಅದರ ಎರಡು ತುದಿಗಳನ್ನು ಎಳೆಯುತ್ತಿತ್ತು. ಒಂದು ಕಡೆಯ ಎಳೆತ ಮುಂದಾಗಿ ಇನ್ನೊಂದು ಹಿಂದಾದರೆ ಬೂತಾಯಿ, ಬಂಗುಡೆಯ ಹಿಂಡು ತಪ್ಪಿಸಿಕೊಳ್ಳುತ್ತಿತ್ತು. ‘ಐಲೇಸಾ’ ಎಂಬ ಕೂಗೇ ಅಲ್ಲಿನ ನಗಾರಿ. ಸಿಕ್ಕ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕ್ಷೀಣಿಸಿತು. ಇಂದು ಚಿಕ್ಕ ಬಲೆಯ ಕೈರಂಪಣಿಯಲ್ಲಿ ಅದರ ನೆರಳನ್ನು ಕಾಣಬಹುದು.

ನೆರೆಯ ಕೇರಳದಲ್ಲಿ ಈ ಲಯ ಆಟವಾಗಿ ಬೆಳೆದಿದೆ. 1952ರಲ್ಲಿ ಜವಾಹರಲಾಲ್ ನೆಹರೂ ಅವರ ಭೇಟಿಯಿಂದ ಆರಂಭವಾದ ಆಲಪ್ಪುಳದ ನೆಹರೂ ಟ್ರೋಫಿಗೆ ನೂರರ ಹತ್ತಿರ ಜನ ಹುಟ್ಟು ಹಾಕುವ ಹಾವಿನಾಕಾರದ ದೋಣಿಗಳು ಬರುತ್ತವೆ. ಕಾಸರಗೋಡು ಜಿಲ್ಲೆಯ ತೇಜಸ್ವಿನಿ ಹೊಳೆಯಲ್ಲೂ ಊರಿನ ತಂಡಗಳ ದೋಣಿ ಸ್ಪರ್ಧೆ ನಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಹುಟ್ಟು ಹಿಡಿಯಲು ಬಲ್ಲ ಮೊಗವೀರ ಹಿರಿಯರಿದ್ದಾರೆ. ಆ ಬಲ್ಲತನಕ್ಕೆ ಶಾಲೆಯ ಅಂಗಳದಲ್ಲಿ ಸ್ಥಾನ ಸಿಕ್ಕಿಲ್ಲ, ಅಷ್ಟೇ. ತಂದೆ, ಅಜ್ಜನಿಂದ ಗಾಳಿ, ನೀರು, ಇಳಿತದ ಲೆಕ್ಕ ಕಲಿತ ಹುಡುಗ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರಬಹುದು. ದೋಣಿಯಲ್ಲಿ ಅವನೇ ಉಳಿದವರಿಗೆ ಗುರು.

ಎಲ್ಲಿ, ಹೇಗೆ?

ನೀರಿಗೇನೂ ಬರವಿಲ್ಲ. ಕಾರ್ಕಳ ತಾಲೂಕಿನ ಘಟ್ಟದ ತಪ್ಪಲಿನಿಂದ ಬರುವ ಸ್ವರ್ಣಾ ನದಿ ಮಣಿಪಾಲದ ಮಗ್ಗುಲಲ್ಲಿ ಹರಿದು, ಸೀತಾ ನದಿಯೊಡನೆ ಕೋಡಿಬೆಂಗ್ರೆಯಲ್ಲಿ ಕಡಲು ಸೇರುತ್ತದೆ. ಉದ್ಯಾವರ ಹೊಳೆ ಕಾಪು ಕಡೆಯ ಮಟ್ಟುವಿನ ಬಳಿ ಕಡಲಿಗೆ ಸಮಾನಾಂತರವಾಗಿ ಸಾಗುತ್ತದೆ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕಿಂಗ್ ನಡೆಯುತ್ತಿದೆ. ಉಡುಪಿಯ ಎನ್‌ಸಿಸಿ ನೌಕಾ ಘಟಕದ ಕೆಡೆಟ್‌ಗಳಿಗೆ ದೋಣಿ ನಡೆಸುವುದು ತರಬೇತಿಯ ಭಾಗವೇ ಆಗಿದೆ.

ಆದರೆ ಆರಂಭ ದೋಣಿಯಿಂದ ಆಗಬಾರದು. ಮೊದಲು ಈಜು. ಬಟ್ಟೆ ತೊಟ್ಟೇ ನೀರಿನಲ್ಲಿ ತೇಲಿ ನಿಲ್ಲುವ ಅಭ್ಯಾಸವಾಗಬೇಕು. ಆಮೇಲೆ ಮಗುಚಿದ ದೋಣಿಯನ್ನು ಬಿಡದೆ ಹಿಡಿದು ನೆರವು ಬರುವವರೆಗೆ ಕಾಯುವ ಪಾಠ. ಈಜು ಬಂದವರೂ ಲೈಫ್ ಜಾಕೆಟ್ ತೊಡಲೇಬೇಕು, ಜೊತೆಗೊಂದು ರಕ್ಷಣಾ ದೋಣಿ ಇರಲೇಬೇಕು. ಇಳಿತದ ಹೊತ್ತಿನಲ್ಲಿ ಅಳಿವೆಯ ನೀರು ಕಡಲಿನತ್ತ ಸೆಳೆಯುವುದರಿಂದ ಆ ಕಡೆ ಸುಳಿಯಲೇಬಾರದು. ಮಳೆಗಾಲದಲ್ಲಿ ಹೊಳೆಗೆ ಪೂರ್ತಿ ರಜೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳೇ ದಡದಲ್ಲಿ ನಿಲ್ಲುವಾಗ ಮಕ್ಕಳ ದೋಣಿಗೇನು ಅವಸರ?

ಮಳೆಗಾಲದಲ್ಲೂ ತರಗತಿಯಲ್ಲಿ ಅಭ್ಯಾಸ ನಡೆಸಬಹುದು. ಎರಡು ಸಾಲು ಬೆಂಚು, ಕೈಗೊಂದು ಕೋಲು, ತಾಳಕ್ಕೆ ಮೇಜು ಬಡಿಯುವ ಒಬ್ಬ ವಿದ್ಯಾರ್ಥಿ, ಇಷ್ಟು ಸಾಕು. ಮೊದಲ ದಿನ ಹತ್ತು ಕೋಲು ಹತ್ತು ದಿಕ್ಕಿಗೆ ಹೋಗುತ್ತವೆ. ಬಡಿತ ನಿಧಾನವಾಗಿಸಿ, ಮುಂದಿನ ಜೋಡಿಯ ಮೇಲೆ ಕಣ್ಣಿಡಲು ಹೇಳಿದರೆ ಕ್ರಮೇಣ ಕೋಲುಗಳು ಒಟ್ಟಾಗಿ ಬಾಗುತ್ತವೆ. ಹುಡುಗಿಯರೂ ಹುಡುಗರೂ, ಗಟ್ಟಿಮುಟ್ಟಾದವರೂ ಸಣಕಲರೂ ಒಂದೇ ದೋಣಿಗೆ ಸಲ್ಲುತ್ತಾರೆ.

‘ಓದಿಗೆ ತೊಂದರೆಯಾಗದೇ?’ ಎಂದು ಪೋಷಕರು ಕೇಳುವುದು ಸಹಜ. ವಾರಕ್ಕೆರಡು ಗಂಟೆಯ ಅಭ್ಯಾಸ ಅಂಕ ಕಡಿಮೆ ಮಾಡಲಾರದು. ಆಸ್ಪತ್ರೆಯಿರಲಿ, ಕಾರ್ಖಾನೆಯಿರಲಿ, ಕಚೇರಿಯಿರಲಿ, ನಾಳೆ ಈ ಮಕ್ಕಳು ದುಡಿಯಬೇಕಾದದ್ದು ತಂಡದಲ್ಲೇ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ, ‘ನಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಈಜು ಬರುತ್ತದೆ?’ ಎಂದು ಕೇಳಿ ನೋಡಬಹುದು. ಉತ್ತರ ಏನೇ ಬರಲಿ, ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ಅಲ್ಲಿಗೆ ಸ್ಪಷ್ಟವಾಗುತ್ತದೆ.