ಭುಜ, ಮೊಣಕೈ, ಮಣಿಕಟ್ಟು ನೋವೇ? ಇನ್ನೊಂದು ಮಾತ್ರೆ ನುಂಗುವ ಮೊದಲು ಇದನ್ನು ಓದಿ

ಬೆಳಗ್ಗೆ ಹಾಲಿನ ಕ್ಯಾನ್ ಎತ್ತುವಾಗ ಮೊಣಕೈ ಹೊರಬದಿಯಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತಾ? ಟವೆಲ್ ಹಿಂಡೋಕೆ, ಬಾಗಿಲ ಚಿಲಕ ತೆಗೆಯೋಕೆ ಕೂಡ ಕಷ್ಟವೇ? ಹಾಗಾದರೆ ಈ ವಾರದ ಲೇಖನ ನಿಮಗಾಗಿ.

ನನಗೂ ಮೂರು ವರ್ಷದ ಹಿಂದೆ ಹೀಗೇ ಆಗಿತ್ತು. ಒಂದೇ ವಾರದಲ್ಲಿ ಕೈಪಂಪಿನ ಸ್ಪ್ರೇಯರ್ ಹೊತ್ತು ನಾಲ್ಕು ಎಕರೆ ತೊಗರಿಗೆ ಔಷಧಿ ಹೊಡೆದಿದ್ದೆ. ಜೊತೆಗೆ ಎರಡು ಹೊತ್ತೂ ಹಾಲು ಕರೆಯುವ ಕೆಲಸ. 'ನರ ಹಿಡ್ಕೊಂಡಿದೆ' ಅಂದರು ಮನೆಯಲ್ಲಿ. ಮೆಡಿಕಲ್ ಶಾಪಿನ ಮಾತ್ರೆ ನುಂಗಿಕೊಂಡೇ ಕೆಲಸ ಮಾಡಿದೆ. ಆಮೇಲೆ ಮೊಣಕೈಗೇ ಇಂಜೆಕ್ಷನ್. ಒಂದು ತಿಂಗಳು ಸ್ವರ್ಗ! ಮತ್ತೆ ಕುಡುಗೋಲು ಹಿಡಿದ ಮೇಲೆ ನೋವು ಮೊದಲಿಗಿಂತ ಜೋರಾಗಿ ವಾಪಸ್ ಬಂತು.

ಇದು ನನ್ನೊಬ್ಬನ ಕಥೆಯಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಇದೇ ನೋವಿದ್ದ 198 ಜನರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಎಚ್ಚರಿಕೆಯ ಮಾತು ಹೇಳಿ ಕಾಯುವುದು ಅಷ್ಟೇ. ಆರು ವಾರಕ್ಕೆ ಇಂಜೆಕ್ಷನ್ ಗುಂಪೇ ಮುಂದಿತ್ತು. ಆದರೆ ಅವರಲ್ಲೇ ಹೆಚ್ಚು ಜನರಿಗೆ ನೋವು ಮರುಕಳಿಸಿತು; ವರ್ಷ ಕಳೆಯುವಷ್ಟರಲ್ಲಿ ಅವರೇ ಹಿಂದೆ ಬಿದ್ದಿದ್ದರು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಒಂದು ಮಾತು ಮುಚ್ಚಿಡಬಾರದು: ವರ್ಷದ ಕೊನೆಗೆ ಸುಮ್ಮನೆ ಕಾದವರೂ ಫಿಸಿಯೋಥೆರಪಿ ಮಾಡಿಸಿಕೊಂಡವರಷ್ಟೇ ಚೆನ್ನಾಗಿದ್ದರು. ಬೇಗ ಆರಾಮಾಗಿದ್ದು ಮಾತ್ರ ಫಿಸಿಯೋಥೆರಪಿಯವರು. ಸುಗ್ಗಿ ಎದುರಿಗಿರುವಾಗ ವರ್ಷಗಟ್ಟಲೆ ಕಾಯೋಕೆ ನಮಗೆಲ್ಲಿ ಆಗುತ್ತೆ?

ಅಸಲಿಗೆ ಇದು ನರದ ತೊಂದರೆ ಅಲ್ಲ. ಮಣಿಕಟ್ಟನ್ನು ಮೇಲೆತ್ತುವ ಮಾಂಸಖಂಡಗಳು ಮೊಣಕೈ ಹೊರಬದಿಯ ಮೂಳೆಗೆ ಹಗ್ಗದಂಥ ಪಟ್ಟಿಯಿಂದ ಅಂಟಿಕೊಂಡಿವೆ. ಏನನ್ನೇ ಬಿಗಿಯಾಗಿ ಹಿಡಿದರೂ ಆ ಹಗ್ಗದ ಮೇಲೆ ಎಳೆತ ಬೀಳುತ್ತೆ. ಅಭ್ಯಾಸಕ್ಕಿಂತ ಹೆಚ್ಚು ಎಳೆದರೆ ಅದು ಹಾಳಾಗುತ್ತಾ ಹೋಗುತ್ತೆ. ಪೂರ್ತಿ ವಿಶ್ರಾಂತಿ ಕೊಟ್ಟರೆ ಹಗ್ಗ ಇನ್ನೂ ಬಲ ಕಳೆದುಕೊಳ್ಳುತ್ತೆ. ಅದಕ್ಕೆ ಬೇಕಿರೋದು ಅಳತೆಯ ಭಾರ, ನಿಧಾನಕ್ಕೆ ಏರಿಸುತ್ತಾ ಹೋಗುವ ಭಾರ.

ಅರ್ಧ ಲೀಟರ್ ನೀರಿನ ಬಾಟಲಿ ತಗೊಳ್ಳಿ. ಕಟ್ಟೆ ಅಥವಾ ಮೇಜಿನ ಮೇಲೆ ಮುಂಗೈ ಇಟ್ಟು, ಅಂಗೈ ಕೆಳಮುಖ ಮಾಡಿ, ಮಣಿಕಟ್ಟು ಅಂಚಿನಿಂದ ಹೊರಗಿರಲಿ. ಬಾಟಲಿ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಮೇಲೆತ್ತಿ. ಈಗ ಆ ಕೈ ಬಿಟ್ಟು, ನೋವಿರುವ ಕೈಯಿಂದಲೇ ಒಂದರಿಂದ ಐದು ಎಣಿಸುತ್ತಾ ನಿಧಾನವಾಗಿ ಇಳಿಸಿ. ಹೀಗೆ 10 ಸಲ, ಒಂದು ನಿಮಿಷ ಬಿಡುವು, ಒಟ್ಟು ಮೂರು ಸುತ್ತು. ದಿನಕ್ಕೆ ಒಮ್ಮೆ ಸಾಕು. ಹತ್ತಕ್ಕೆ ಮೂರರಷ್ಟು ನೋವಾದರೆ ಗಾಬರಿ ಬೇಡ. ಆದರೆ ಮಾರನೇ ಬೆಳಗ್ಗೆ ನೋವು ಜಾಸ್ತಿಯಾಗಿದ್ದರೆ ನೀರು ಕಡಿಮೆ ಮಾಡಿ. ಸಲೀಸು ಅನಿಸಿದ ಮೇಲೆ ಒಂದು ಲೀಟರಿಗೆ ಹೋಗಿ. ಎರಡು ವಾರ ಮಾಡಿ 'ಏನೂ ಆಗ್ಲಿಲ್ಲ' ಅಂತ ಬಿಡೋರೇ ಜಾಸ್ತಿ. ಆರರಿಂದ ಹನ್ನೆರಡು ವಾರ ಬೇಕು. ನನಗೆ ಹತ್ತನೇ ವಾರಕ್ಕೆ ಕ್ಯಾನ್ ಎತ್ತೋಕೆ ಆಯ್ತು.

ವ್ಯಾಯಾಮದ ಜೊತೆ ಕೆಲಸದ ರೀತಿಯೂ ಬದಲಾಗಬೇಕು. ಮೊಂಡ ಕುಡುಗೋಲಿಗೆ ದುಪ್ಪಟ್ಟು ಬಲ ಬೇಕು, ಅದನ್ನು ಮಸೆದು ಇಟ್ಕೊಳ್ಳಿ. ಹಿಡಿ ಸಣ್ಣದಿದ್ದರೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ. 16 ಲೀಟರ್ ಸ್ಪ್ರೇಯರ್ ತುಂಬಿಸಿದರೆ ನೀರೇ 16 ಕೆಜಿ, ಅರ್ಧ ತುಂಬಿಸಿ ಎರಡು ಸಲ ಹೊರಿ. ಬ್ಯಾಟರಿ ಸ್ಪ್ರೇಯರ್ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೇದು.

ಹಾಲು ಕರೆಯೋರು ಹೆಬ್ಬೆರಳಿನ ಬುಡದ ಕಡೆ ಮಣಿಕಟ್ಟು ನೋಯುತ್ತಾ ನೋಡಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿದಾಗ ಚುರುಕ್ ಅಂದರೆ ಹೆಬ್ಬೆರಳಿನ ಪಟ್ಟಿಗಳು ಊದಿಕೊಂಡಿರಬಹುದು. ಹೆಬ್ಬೆರಳು ಮಡಚಿ ಮೊಲೆತೊಟ್ಟು ಒತ್ತಿ ಕರೆಯುವ ಅಭ್ಯಾಸ ಬಿಡಿ, ಇಡೀ ಮುಷ್ಟಿಯಿಂದ ಕರೆಯಿರಿ. ಪಶುವೈದ್ಯರು ಹಸುವಿನ ಮೊಲೆತೊಟ್ಟಿನ ಆರೋಗ್ಯಕ್ಕೂ ಇದನ್ನೇ ಹೇಳೋದು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಕೆಲವು ವಾರ ಹಾಕಿಕೊಂಡರೆ ಆರಾಮ ಸಿಗುತ್ತೆ. ಅಂದಹಾಗೆ, ರಾತ್ರಿ ಎರಡು ಗಂಟೆ ರೀಲ್ಸ್ ನೋಡುವಾಗಲೂ ಇದೇ ಹೆಬ್ಬೆರಳೇ ದುಡಿಯೋದು!

ಭುಜದ್ದು ಸ್ವಲ್ಪ ಬೇರೆ. ತಲೆಮೇಲೆ ಹೊರೆ ಎತ್ತುವಾಗ ಮಾತ್ರ ನೋವಿದ್ದರೆ, ಒಳ್ಳೇ ಕೈಯನ್ನು ಮೇಜಿಗೆ ಊರಿ ಬಗ್ಗಿ, ನೋವಿನ ಕೈಯನ್ನು ಬಾವಿ ಹಗ್ಗದ ಹಾಗೆ ಸಡಿಲ ಬಿಟ್ಟು ಸಣ್ಣ ಸಣ್ಣ ವೃತ್ತದಲ್ಲಿ ತೂಗಿ. ಅದು ಸುಲಭವಾದ ಮೇಲೆ ಸೈಕಲ್ ಟ್ಯೂಬನ್ನು ಕಂಬಕ್ಕೆ ಕಟ್ಟಿ, ಮೊಣಕೈ ಪಕ್ಕೆಗೆ ಅಂಟಿಸಿ, ಮುಂಗೈಯನ್ನು ಹೊರಕ್ಕೆ ನಿಧಾನವಾಗಿ ಎಳೆಯಿರಿ. ಆದರೆ ಬೇರೆಯವರು ಎತ್ತಿದರೂ ಕೈ ಮೇಲೇಳದೆ ಬಿಗಿದುಕೊಂಡಿದ್ದರೆ, ಅಂಗಿ ತೊಡೋಕೂ ಆಗದಿದ್ದರೆ, ಭುಜ ಹೆಪ್ಪುಗಟ್ಟಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಅಪ್ಪನಿಗೋ ಅಮ್ಮನಿಗೋ ಹೀಗಾಗಿದ್ದರೆ ಶುಗರ್ ಪರೀಕ್ಷೆ ಮಾಡಿಸಿ. ಜೋರಾಗಿ ಎಳೆದು 'ಬಿಡಿಸ್ತೀನಿ' ಅನ್ನೋರ ಹತ್ತಿರ ದಯವಿಟ್ಟು ಕರ್ಕೊಂಡು ಹೋಗಬೇಡಿ.

ಇವು ಮನೆಮದ್ದಿನ ಕೇಸುಗಳಲ್ಲ: ಬಿದ್ದ ಮೇಲೆ ಕೈ ಎತ್ತಲಾಗದಿರುವುದು, ಕೀಲು ಕೆಂಪಾಗಿ ಊದಿ ಜ್ವರ ಬರುವುದು, ಬೆರಳು ಜೋಮು ಹಿಡಿದು ಹಿಡಿದ ವಸ್ತು ಜಾರುವುದು. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಮಿಕ್ಕವರು ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಯಾವ ದಿನ ಸಿಗುತ್ತಾರೆ ಅಂತ ಕೇಳಿಕೊಂಡೇ ಹೊರಡಿ. ಹೋಗುವ ಮೊದಲು ನೀವು ಹಾಲು ಕರೆಯೋದು, ಕಳೆ ತೆಗೆಯೋದು, ಸ್ಪ್ರೇಯರ್ ಹೊಡೆಯೋದು ಒಂದೊಂದು ನಿಮಿಷ ಫೋನಿನಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ಎಲ್ಲಿ ನೋಯುತ್ತೆ ಅಂತ ಬಾಯಲ್ಲಿ ಹೇಳೋಕಿಂತ ಅದನ್ನು ತೋರಿಸಿದರೆ ಅವರಿಗೆ ಬೇಗ ಗೊತ್ತಾಗುತ್ತೆ. ಅವರು ವ್ಯಾಯಾಮ ಹೇಳಿಕೊಡುವಾಗಲೂ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡ್ಕೊಳ್ಳಿ, ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತೆ.